ಹದಿನಾರು ಮೊಹರಿನ ಪ್ರೇಮಪತ್ರ

ಸುಕ್ಕು ಕಂಡರೆ ಮೊಗಾಮಿ ತೆಪ್ಪೆಯಿಗೆ ಆಗುತ್ತಿರಲಿಲ್ಲ. ಅಸಾಹಿಕಾವಾ ಊರಿನ ಉತ್ತರದ ಕೇರಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಅವನದು. ಅಂಗಿ, ಕೋಟು, ಶಾಲೆಯ ಸಮವಸ್ತ್ರ ಇಷ್ಟಕ್ಕೆ ಇಸ್ತ್ರಿ ಮಾಡಿದರೆ ಸಾಕು ಎಂದು ಇಡೀ ಸಮಾಜ ಒಪ್ಪಿಕೊಂಡಿದ್ದರೂ ಅವನು ಒಪ್ಪಿರಲಿಲ್ಲ. ಕರವಸ್ತ್ರಕ್ಕೆ ಮಾಡುತ್ತಿದ್ದ, ಕಾಲುಚೀಲಕ್ಕೆ ಮಾಡುತ್ತಿದ್ದ, ಬೆಳಗಿನ ಪತ್ರಿಕೆ ಹಿಮದಲ್ಲಿ ನೆನೆದು ಬಂದರೆ ಅದಕ್ಕೂ ಮಾಡಿ, ಬಿಸಿಬಿಸಿಯಾಗಿ ಓದುತ್ತಿದ್ದ.

ಅವನ ಈ ಕಲೆ ಇಡೀ ಕೇರಿಗೆ ದರ್ಶನ ಕೊಡುತ್ತಿದ್ದುದು ಸುತ್ತೋಲೆಯ ಮೂಲಕ. ಕೇರಿ ಸಂಘದ ಅಧ್ಯಕ್ಷರು ಹಿಮ ಎತ್ತುವ ದಿನ, ಕಸ ಹಾಕುವ ದಿನ, ಕರಡಿ ಕಾಣಿಸಿಕೊಂಡ ಜಾಗ ಮುಂತಾದ ಮಹತ್ವದ ಸಂಗತಿಗಳನ್ನು ಹಾಳೆಗಳಲ್ಲಿ ಬರೆದು ಒಂದು ಹಲಗೆಗೆ ಸಿಕ್ಕಿಸಿ ಕಳಿಸುತ್ತಿದ್ದರು. ಹಲಗೆ ಮನೆಯಿಂದ ಮನೆಗೆ ಹೋಗಬೇಕು. ಪ್ರತಿ ಮನೆಯವರೂ ಓದಿ, ತಮ್ಮ ಮನೆತನದ ಹೆಸರು ಕೊರೆದ ಪುಟ್ಟ ಕೆಂಪು ಮೊಹರನ್ನು ಒತ್ತಿ, ಪಕ್ಕದ ಮನೆಗೆ ದಾಟಿಸಬೇಕು. ಒಟ್ಟು ಹದಿನೇಳು ಮನೆ, ಮೊದಲನೆಯದು ತೆಪ್ಪೆಯಿಯದು. ಅವನು ಹಾಳೆಗಳನ್ನೆಲ್ಲ ಬಿಚ್ಚಿ, ಅಂಚು ಕೂಡಿಸಿ, ಆವಿಯ ಇಸ್ತ್ರಿ ಯಂತ್ರದಡಿ ಇಟ್ಟು ಒಂದು ಸಲ 'ಉಸ್' ಎನಿಸಿ, ಮತ್ತೆ ಹಲಗೆಗೆ ಸಿಕ್ಕಿಸಿ ಕಳಿಸುತ್ತಿದ್ದ. "ನಮ್ಮ ಮನೆ ದಾಟಿದ ಮೇಲೇನೇ ಸುತ್ತೋಲೆಗೆ ಒಂದು ಕಳೆ ಬರೋದು" ಎಂದು ಹೆಂಡತಿ ಫುಮಿನೊಗೆ ಹೇಳುತ್ತಿದ್ದ. ಇದು ಅವನ ಒಂದು ಹೆಮ್ಮೆ. ಇನ್ನೊಂದು ಹೆಮ್ಮೆ ಫ್ರೆಂಚ್ ಭಾಷೆಯದು. ಅದು ಹಸಿ ಸುಳ್ಳು.

ಆ ಸುಳ್ಳಿಗೆ ಮೂವತ್ತು ವರ್ಷ ವಯಸ್ಸು. ಆಗ ತೆಪ್ಪೆಯಿ ಬೇರೆಯವರ ಅಂಗಡಿಯಲ್ಲಿ ಇಸ್ತ್ರಿ ಹಿಡಿಯುತ್ತಿದ್ದ ಬಡಕಲು ಯುವಕ. ರೈಲ್ವೆ ನಿಲ್ದಾಣದ ಎದುರಿನ ಕಾಫಿ ಅಂಗಡಿಗೆ ಫುಮಿನೊಳನ್ನು ಮೊದಲ ಸಲ ಕರೆದುಕೊಂಡು ಹೋಗಿದ್ದ. ಅಲ್ಲಿ ಒಂದು ಫ್ರೆಂಚ್ ಹಾಡು ತಿರುಗುತ್ತಿತ್ತು. "ಎಷ್ಟು ಚೆನ್ನಾಗಿದೆ ಅಲ್ವಾ? ಏನಂತ ಹಾಡ್ತಿದಾರೋ" ಎಂದಳು ಫುಮಿನೊ. ಗೊತ್ತಿಲ್ಲ ಎನ್ನಬಹುದಿತ್ತು. ಮೊದಲ ಭೇಟಿಯಲ್ಲಿ ಗೊತ್ತಿಲ್ಲ ಎಂದ ಗಂಡಸು ಯಾವ ದೇಶದಲ್ಲಿ ಹುಟ್ಟಿದ್ದಾನೆ? "ನಂಗೆ ಸ್ವಲ್ಪ ಫ್ರೆಂಚ್ ಬರುತ್ತೆ" ಎಂದ ತೆಪ್ಪೆಯಿ, ಕಣ್ಣು ಮುಚ್ಚಿ ಕೇಳಿದಂತೆ ಮಾಡಿ, ತನಗೆ ಗೊತ್ತಿದ್ದ ಏಕೈಕ ವಿದ್ಯೆಯನ್ನು ಹಾಡಿನೊಳಗೆ ತುರುಕಿಬಿಟ್ಟ: "ಜೀವ ಇರೋವರೆಗೂ ನಿನ್ನ ಬಟ್ಟೆಗೆ ಒಂದು ಸುಕ್ಕು ಬೀಳಕ್ಕೆ ಬಿಡಲ್ಲ ಅಂತ ಹಾಡ್ತಿದಾರೆ." ಫುಮಿನೊ ತಲೆ ತಗ್ಗಿಸಿದಳು. ಆ ಫೆಬ್ರವರಿಯಲ್ಲೇ ಮದುವೆಯಾಯಿತು.

ಮೂವತ್ತು ವರ್ಷ ಆ ಹಾಡು ಅವನ ತಂಟೆಗೆ ಬರಲಿಲ್ಲ. ಕಳೆದ ನವೆಂಬರಿನಲ್ಲಿ ಅಂಗಡಿಯ ರೇಡಿಯೋದಲ್ಲಿ ಇದ್ದಕ್ಕಿದ್ದಂತೆ ಬಂತು. ಫುಮಿನೊ ಗುಂಡಿ ಹೊಲಿಯುವುದನ್ನು ನಿಲ್ಲಿಸಿದಳು. "ರೀ, ನಮ್ಮ ಹಾಡು! ಈ ಸಲ ಮೂವತ್ತನೇ ವಾರ್ಷಿಕೋತ್ಸವಕ್ಕೆ ತೊಮೊಯೆ ಅಕ್ಕನ್ನ ಊಟಕ್ಕೆ ಕರೀತೀನಿ. ಅವಳ ಮುಂದೆ ನೀವು ಇದನ್ನ ಹಾಡಿ, ಅರ್ಥಾನೂ ಹೇಳ್ಬೇಕು. ನನ್ನ ಗಂಡಂಗೆ ಫ್ರೆಂಚ್ ಬರುತ್ತೆ ಅಂದ್ರೆ ಅವಳು ಮೂವತ್ತು ವರ್ಷದಿಂದ ನಗ್ತಾನೇ ಇದಾಳೆ."

"ಅದಕ್ಕೇನಂತೆ" ಎಂದ ತೆಪ್ಪೆಯಿ. ಅವನ ಕೈಯಲ್ಲಿದ್ದ ಅಂಗಿಯ ಕಾಲರು ಕಂದಿಹೋಯಿತು. ಇಪ್ಪತ್ತೇಳು ವರ್ಷದಲ್ಲಿ ಆ ಅಂಗಡಿಯಲ್ಲಿ ಸುಟ್ಟ ಮೊದಲ ಅಂಗಿ ಅದು.

ಮರುದಿನವೇ ಅವನು ನಿಲ್ದಾಣದ ಹತ್ತಿರದ ಕಲಾಕೇಂದ್ರದಲ್ಲಿ 'ಹಾಡಿನಿಂದ ಫ್ರೆಂಚ್' ಎಂಬ ತರಗತಿಗೆ ಸೇರಿಕೊಂಡ. ಮಂಗಳವಾರ ಸಂಜೆ ಒಂದು ಗಂಟೆ. ಮನೆಯಲ್ಲಿ ಊರಿನ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗಿ ಬರುತ್ತೇನೆಂದು ಹೇಳಿ, ಬಕೆಟ್ಟು, ಸೋಪು, ಟವೆಲ್ಲು ಹಿಡಿದುಕೊಂಡೇ ಹೊರಡುತ್ತಿದ್ದ. ಪಾಠ ಹೇಳುವ ಮಿಚಿರು ಮೇಡಂ ಯೌವನದಲ್ಲಿ ಆರು ತಿಂಗಳು ಪ್ಯಾರಿಸ್ಸಿನಲ್ಲಿದ್ದವರು. ಮಿಕ್ಕ ನಲವತ್ತು ವರ್ಷವನ್ನು ಆ ಆರು ತಿಂಗಳ ಬಗ್ಗೆ ಮಾತಾಡುತ್ತ ಕಳೆದಿದ್ದರು. "ವ್ಯಾಕರಣ ಬೇಡ. ಪ್ರೀತಿಯ ಪದ, ಅನುಮಾನದ ಪದ ಎರಡೂ ಬಾಯಿಗೆ ಬಂದ್ರೆ ಅರ್ಧ ಫ್ರೆಂಚ್ ಬಂದ ಹಾಗೆ" ಎನ್ನುತ್ತಿದ್ದರು. ತೆಪ್ಪೆಯಿ ನಾಚಿಕೊಂಡು ತನ್ನ ಹಾಡಿನ ಹೆಸರು ಹೇಳಿದಾಗ ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಆಹಾ! ಅದರಲ್ಲಿ ಎರಡೂ ಇದೆ."

ಇತ್ತು. ಅಷ್ಟೇ ಇತ್ತು. ಇಸ್ತ್ರಿಯ ಸುದ್ದಿಯೇ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಒಬ್ಬಳು ತನ್ನ ಪ್ರಿಯಕರನನ್ನು ಅನುಮಾನಿಸುವುದೇ ಹಾಡು. ಬಟ್ಟೆ ಎಂದು ಬಂದದ್ದು ಒಂದೇ ಒಂದು ಕೋಟು. ಅದಕ್ಕೂ ಬೇರೆ ಯಾರದೋ ಪರಿಮಳ ಹತ್ತಿತ್ತು. ಫುಮಿನೊಗೆ ಅರ್ಥ ಹೇಳುವಾಗ ಏನು ಮಾಡಬೇಕೆಂಬ ಯೋಚನೆಯನ್ನು ತೆಪ್ಪೆಯಿ ಮುಂದಿನ ವಾರಕ್ಕೆ ಹಾಕಿದ. ಹೀಗೆ ಹನ್ನೆರಡು ವಾರ ಹಾಕಿದ.

ಪದ ಕಲಿಯಲು ಅವನು ಒಂದು ದೊಡ್ಡ ಹಾಳೆ ಮಾಡಿಕೊಂಡಿದ್ದ. ಎಡಕ್ಕೆ ಫ್ರೆಂಚ್ ಸಾಲು. ಅದರಲ್ಲಿ ತಪ್ಪು ಜಾಸ್ತಿಯಾದ್ದರಿಂದ, ಹಿಂತುದಿಯ ರಬ್ಬರಿನಿಂದ ಉಜ್ಜಿದರೆ ಮಾಯವಾಗುವ ಕೆಂಪು ಪೆನ್ನಿನಲ್ಲಿ ಬರೆದಿದ್ದ. ಬಲಕ್ಕೆ ನಮ್ಮ ಜಪಾನಿ ಭಾಷೆಯ ಅರ್ಥ. ಅದರಲ್ಲಿ ತಪ್ಪಾಗುವ ಪ್ರಶ್ನೆಯೇ ಇಲ್ಲವಾದ್ದರಿಂದ ಕಪ್ಪು ಪೆನ್ನಿನಲ್ಲಿ, ಮುತ್ತಿನಂಥ ಅಕ್ಷರದಲ್ಲಿ:

ನಿನ್ನನ್ನು ಪ್ರೀತಿಸುತ್ತೇನೆ.
ನೀನು ನನ್ನನ್ನು ಪ್ರೀತಿಸುತ್ತೀಯಾ?
ಬಹುಶಃ.
ನನಗೇಕೋ ಅನುಮಾನ.
ನಿನ್ನ ಕೋಟಿಗೆ ಬೇರೆ ಯಾರದೋ ಪರಿಮಳ.
ಸುಳ್ಳು ಹೇಳು, ಆದರೆ ಮೆಲ್ಲಗೆ ಹೇಳು.
ಕಿಟಕಿ ತೆರೆದಿಟ್ಟಿದ್ದೇನೆ.
ಬಾ.

ಈ ಹಾಳೆಯನ್ನು ಯಂತ್ರದ ಪಕ್ಕ ಇಟ್ಟುಕೊಂಡು, ಒಂದು ಸಾಲು ಹಾಡಿ, ಪೆಡಲ್ ತುಳಿದು 'ಉಸ್' ಎನಿಸಿ, ಮುಂದಿನ ಸಾಲು ಹಾಡುತ್ತಿದ್ದ. ಫುಮಿನೊ ಒಳಗೆ ಬಂದರೆ ಹಾಳೆ ಯಾವುದಾದರೂ ಪ್ಯಾಂಟಿನ ಕೆಳಗೆ ಸೇರುತ್ತಿತ್ತು. ಗುರುವಾರಕ್ಕೆ ಸೂಟು ಸಿಗುತ್ತದಾ ಎಂದು ಕೇಳಿದ ಗಿರಾಕಿಗೆ ಅವನು ಒಮ್ಮೆ "ಪ್ಯೂತೆತ್ರ್" ಎಂದು ಉತ್ತರ ಕೊಟ್ಟಿದ್ದೂ ಉಂಟು. ಅಂದರೆ ಬಹುಶಃ ಎಂದು. ಗಿರಾಕಿ ಅದನ್ನು ಸೀನೆಂದು ತಿಳಿದು, ಆರೋಗ್ಯ ನೋಡಿಕೊಳ್ಳಿ ಎಂದು ಹೇಳಿ ಹೋದ.

ವಾರ್ಷಿಕೋತ್ಸವ ಭಾನುವಾರ. ಅದಕ್ಕೆ ಮುಂಚಿನ ಬುಧವಾರ ಸುತ್ತೋಲೆ ಬಂತು. ಹಾಡು ಗುನುಗುತ್ತಲೇ ತೆಪ್ಪೆಯಿ ಹಾಳೆಗಳನ್ನು ಬಿಚ್ಚಿದ, ಮೊಹರು ಒತ್ತಿದ, ಮೇಜಿನ ಮೇಲಿದ್ದ ಹಾಳೆಗಳನ್ನೆಲ್ಲ ಕೂಡಿಸಿದ, ಯಂತ್ರದಡಿ ಇಟ್ಟ. 'ಉಸ್'. ಅಷ್ಟರಲ್ಲಿ ಫೋನು ಬಂತು. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, ಹಾಳೆಗಳನ್ನು ಹಲಗೆಗೆ ಸಿಕ್ಕಿಸಿ, ಪಕ್ಕದ ಮನೆಯ ಬಾಗಿಲ ಹಿಡಿಗೆ ನೇತುಹಾಕಿ ಬಂದ. ಸಂಜೆ ತನ್ನ ಹಾಡಿನ ಹಾಳೆ ಕಾಣಲಿಲ್ಲ. ತರಗತಿಯಲ್ಲಿ ಬಿಟ್ಟಿರಬೇಕೆಂದುಕೊಂಡ, ಹೇಗೂ ಬಾಯಿಪಾಠವಾಗಿತ್ತು.

ಹಾಳೆ ತರಗತಿಯಲ್ಲಿರಲಿಲ್ಲ. ಹಲಗೆಯ ಮೇಲೆ, ಎಲ್ಲಕ್ಕಿಂತ ಮೇಲೆ, ಒಂದು ಸುಕ್ಕೂ ಇಲ್ಲದೆ ಕೂತಿತ್ತು. ಎಡಗಡೆಯ ಫ್ರೆಂಚ್ ಪೂರ್ತಿ ಮಾಯವಾಗಿತ್ತು. ಆ ಪೆನ್ನಿನ ಮಸಿ ಮಾಯವಾಗುವುದು ರಬ್ಬರಿನಿಂದಲ್ಲ, ಉಜ್ಜಿದಾಗ ಹುಟ್ಟುವ ಬಿಸಿಯಿಂದ ಎಂಬ ಸಂಗತಿ ತೆಪ್ಪೆಯಿಗೆ ಗೊತ್ತಿರಲಿಲ್ಲ. ಉಳಿದದ್ದು ಬಲಗಡೆಯ ಎಂಟು ಸಾಲು. ಎಡಗಡೆ ವಿಶಾಲವಾದ ಖಾಲಿ ಜಾಗ. ಖಾಲಿ ಜಾಗ ಕಂಡರೆ ಮೊಹರು ಒತ್ತುವುದು ನಮ್ಮ ಜನರ ರಕ್ತದಲ್ಲೇ ಇದೆ.

ಸಾಮಾನ್ಯವಾಗಿ ಸುತ್ತೋಲೆ ಹದಿನೇಳು ಮನೆ ಸುತ್ತಲು ಹತ್ತು ದಿನ ಬೇಕು. ಕರಡಿ ಬಂದಾಗಲೂ ನಾಲ್ಕು ದಿನ ಹಿಡಿದಿತ್ತು. ಈ ಸಲ ಒಂದೂವರೆ ದಿನದಲ್ಲಿ ಮುಗಿಯಿತು.

ಗುರುವಾರ ಮಧ್ಯಾಹ್ನ ಪಕ್ಕದ ಮನೆಯ ನಿಶಿಗಾಕಿ ಅಜ್ಜಿ ಬಂದರು. ಎಂಬತ್ತನಾಲ್ಕರ ಅಜ್ಜಿ, ಹಬ್ಬಕ್ಕೆ ಮಾತ್ರ ತೆಗೆಯುವ ನೇರಳೆ ಕಿಮೊನೊ ಉಟ್ಟು, ಕೈಯಲ್ಲಿ ಹೂರಣದ ಉಂಡೆಯ ಡಬ್ಬಿ ಹಿಡಿದು, ಕೌಂಟರಿನ ಮುಂದೆ ನಿಂತರು.

"ತೆಪ್ಪೆಯಿ, ಬಾಗಿಲು ಹಾಕು."

"ಯಾಕಜ್ಜಿ, ಚಳೀನಾ?"

"ಬೇಡ ಬೇಡ, ತೆಗೆದೇ ಇಡು. ಹಾಕಿದ್ರೆ ನೋಡಿದವರು ಇನ್ನೊಂದು ಅಂತಾರೆ." ಅಜ್ಜಿ ಉಸಿರು ತೆಗೆದುಕೊಂಡರು. "ನೀನು ಬರೆದದ್ದು ಓದಿದೆ. ಭೂತಗನ್ನಡಿ ಹಾಕ್ಕೊಂಡು ಎರಡು ಸಲ ಓದಿದೆ."

ಹೋದ ವಾರ ಅಜ್ಜಿಯ ರಜಾಯಿಗೆ 'ಬಿಸಿಲಿಗೆ ಹಾಕಬೇಡಿ' ಎಂದು ಚೀಟಿ ಬರೆದಿದ್ದು ತೆಪ್ಪೆಯಿಗೆ ನೆನಪಾಯಿತು. "ಅಯ್ಯೋ, ಅದಕ್ಕೆಲ್ಲ ಈ ಚಳೀಲಿ ಬರೋದಾ?"

"ಬರದೇ ಇದ್ರೆ ಹೇಗಪ್ಪಾ? ನಮ್ಮೆಜಮಾನ್ರು ಐವತ್ತು ವರ್ಷ ಬಾಳಿದ್ರು, ಒಂದಿನ ನಂಗೆ ಹೀಗೆ ನಾಲ್ಕು ಅಕ್ಷರ ಬರೀಲಿಲ್ಲ. ಮನಸ್ಸಿಗೆ ತುಂಬಾ ಸಂತೋಷ ಆಯ್ತು. ಆದ್ರೆ ನಂಗೆ ವಯಸ್ಸಾಯ್ತು, ನೀನು ಸಂಸಾರಸ್ಥ. ಬೇಡ."

"ಅದೆಲ್ಲ ಏನಿಲ್ಲ ಅಜ್ಜಿ, ನಾನು ಎಲ್ಲರಿಗೂ ಹಾಗೇ ಬರ್ದು ಕೊಡ್ತೀನಿ" ಎಂದ ತೆಪ್ಪೆಯಿ, ವಿನಯದಿಂದ.

"ಎಲ್ಲರಿಗೂನಾ!" ಎಂದರು ಅಜ್ಜಿ. ಡಬ್ಬಿಯನ್ನು ಕೌಂಟರಿನ ಮೇಲಿಟ್ಟಿದ್ದವರು ತಿರುಗಿ ತೆಗೆದುಕೊಂಡು ಹೊರಟುಹೋದರು.

ಅಜ್ಜಿಗೆ ಏನಾಯಿತೆಂದು ಅವನು ಯೋಚಿಸುತ್ತಿರುವಾಗಲೇ ಮೂಲೆಯ ಮೀನಂಗಡಿಯ ಉರಾಬೆ ರಬ್ಬರ್ ಬೂಟಿನಲ್ಲಿ ದಡದಡ ನುಗ್ಗಿದ. "ನನ್ನ ಕೋಟು ಕೊಡು. ಒಗ್ದಿಲ್ಲ ಅಂದ್ರೂ ಪರವಾಗಿಲ್ಲ, ಕೊಡು."

"ಒಗೆದು ಆಯ್ತು. ಎಂಥ ವಾಸನೆ ಇತ್ತು ಅಂತೀಯಾ! ಪೂರ್ತಿ ತೆಗೆದುಬಿಟ್ಟೆ."

ಉರಾಬೆಯ ಮುಖ ಮಂಜುಗಡ್ಡೆಯ ಬಣ್ಣಕ್ಕೆ ತಿರುಗಿತು. "ಎಂಥ ವಾಸನೆ ಅಂತ ಸರಿಯಾಗಿ ಹೇಳು ಮಾರಾಯ! ಮೀನಿಂದು ತಾನೆ? ನನ್ನ ಹೆಂಡತಿ ನಿನ್ನೆಯಿಂದ ಮಾತು ಬಿಟ್ಟಿದಾಳೆ. ಹತ್ತು ಹೆಣ್ಣು ಬಂದು ತಬ್ಬಿಕೊಂಡ್ರೂ ನನ್ನ ಕೋಟಿಗೆ ಮೀನಿನ ವಾಸನೆ ಬಿಟ್ಟು ಬೇರೆ ವಾಸನೆ ಹತ್ತಲ್ಲ. ಇದನ್ನ ನೀನೇ ಅವಳಿಗೆ ಬರ್ದು ಕೊಡು!"

ಅಂದು ಸಂಜೆ ಫುಮಿನೊ ಎರಡು ತುಂಡು ಸಾಲ್ಮನ್ ತರಲು ಹೋಗಿ ಐದು ತುಂಡು ತಂದಳು. "ಉರಾಬೆಯವರ ಹೆಂಡತಿ ಸುಮ್ನೆ ಕೊಟ್ರು ರೀ. ಕೈ ಹಿಡ್ಕೊಂಡು, 'ಧೈರ್ಯವಾಗಿರಿ' ಅಂದ್ರು. ಅಂಗಡೀಲಿದ್ದವರೆಲ್ಲ ತಲೆ ತಗ್ಗಿಸಿದ್ರು. ನಂಗೇನಾದ್ರೂ ಕಾಯಿಲೆ ಇದ್ದು ನನಗೆ ಮಾತ್ರ ಗೊತ್ತಿಲ್ವಾ?" ಗಂಡಹೆಂಡಿರಿಬ್ಬರೂ ಗಾಬರಿಯಲ್ಲೇ ಸಾಲ್ಮನ್ ತಿಂದರು. ಚೆನ್ನಾಗಿತ್ತು.

ಶುಕ್ರವಾರ ಬೆಳಗ್ಗೆ ಸಂಘದ ಅಧ್ಯಕ್ಷ ಕುರೊಯಿವಾ ಮೇಷ್ಟ್ರು ಬಂದರು. ನಿವೃತ್ತ ಮುಖ್ಯೋಪಾಧ್ಯಾಯರು, ಶೀತವಾದರೂ ಅದಕ್ಕೊಂದು ಸಂಖ್ಯೆ ಕೊಟ್ಟು ಕಡತದಲ್ಲಿಡುವ ಸ್ವಭಾವ. ರೇಷ್ಮೆ ವಸ್ತ್ರದಲ್ಲಿ ಸುತ್ತಿದ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಗಂಡಹೆಂಡಿರ ಮುಂದೆ ಬಿಚ್ಚಿದರು.

ಎಂಟು ಸಾಲಿನ ಎಡಕ್ಕೆ ಹದಿನಾರು ಮನೆಯ ಕೆಂಪು ಮೊಹರು ಸಾಲಾಗಿ ಕೂತಿದ್ದವು. 'ನೀನು ನನ್ನನ್ನು ಪ್ರೀತಿಸುತ್ತೀಯಾ?' ಎಂಬುದರ ಪಕ್ಕದಲ್ಲೇ ನಿಶಿಗಾಕಿ ಅಜ್ಜಿಯ ಮೊಹರು, ನೇರವಾಗಿ, ಗಟ್ಟಿಯಾಗಿ ಬಿದ್ದಿತ್ತು.

"ಅಕ್ಷರ ನಿಮ್ಮದು" ಎಂದರು ಮೇಷ್ಟ್ರು. "ಇಪ್ಪತ್ತೇಳು ವರ್ಷದಿಂದ ನಿಮ್ಮ ಅಂಗಡಿ ಚೀಟಿ ನೋಡಿದೀವಿ. ಯಾರನ್ನ ಪ್ರೀತಿಸ್ಬೇಕು ಅನ್ನೋದು ನಿಮ್ಮ ಸ್ವಂತ ವಿಷಯ, ಸಂಘ ಅದರಲ್ಲಿ ತಲೆ ಹಾಕಲ್ಲ. ಆದ್ರೆ ಏಳನೇ ಸಾಲು ನೋಡಿ. ಕಿಟಕಿ ತೆರೆದಿಟ್ಟಿದ್ದೇನೆ ಅಂತೀರಿ. ಹೊರಗೆ ಮೈನಸ್ ಹತ್ತು! ನೀರಿನ ಪೈಪ್ ಹೆಪ್ಪುಗಟ್ಟಿ ಒಡೆದ್ರೆ ನಿಮ್ಮ ಒಬ್ಬರ ಮನೆಗಲ್ಲ, ಇಡೀ ಸಾಲಿಗೇ ನೀರು ನಿಲ್ಲುತ್ತೆ. ಇದು ಸಾರ್ವಜನಿಕ ವಿಷಯ. ನಾಳೆ ಎರಡು ಗಂಟೆಗೆ ತುರ್ತು ಸಭೆ."

ಮೇಷ್ಟ್ರು ಹೋದರು. ಹಾಳೆಯ ಒಂದು ನಕಲು ಬಿಟ್ಟು ಹೋದರು. ಫುಮಿನೊ ಅದನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದಳು.

"ಇದು ಫ್ರೆಂಚು!" ಎಂದು ಕೂಗಿದ ತೆಪ್ಪೆಯಿ.

"ಜಪಾನಿ. ನಂಗೂ ಓದಕ್ಕೆ ಬರುತ್ತೆ."

"ಪಕ್ಕದಲ್ಲಿ ಫ್ರೆಂಚ್ ಇತ್ತು ಕಣೇ!"

"ಎಲ್ಲಿ?"

ತೆಪ್ಪೆಯಿ ಹಾಳೆ ತಿರುಗಿಸಿದ, ಬೆಳಕಿಗೆ ಹಿಡಿದ. ಎಲ್ಲಿ ನೋಡಿದರೂ ಹದಿನಾರು ಮನೆಯವರ ಹೆಸರು. "ಇತ್ತು. ಈಗ ಇಲ್ಲ. ನಾನು ಮಂಗಳವಾರ ಮಂಗಳವಾರ ಫ್ರೆಂಚ್ ಕಲಿಯಕ್ಕೆ ಹೋಗ್ತಿದ್ದೆ..."

"ಮಂಗಳವಾರ" ಎಂದಳು ಫುಮಿನೊ. ಅವಳ ದನಿ ತಣ್ಣಗಿತ್ತು. "ಮೂರು ತಿಂಗಳಿಂದ ಸ್ನಾನಕ್ಕೆ ಅಂತ ಹೋಗಿ ಒಣಗಿದ ಟವೆಲ್ ವಾಪಸ್ ತರ್ತಿದೀರಿ. ಬಟ್ಟೆ ಒಗೆಯೋನ ಹೆಂಡತಿಗೆ ಒದ್ದೆ ಯಾವುದು ಒಣಗಿದ್ದು ಯಾವುದು ಗೊತ್ತಾಗಲ್ವಾ? ಬಾಯಿ ಬಿಟ್ಟು ಕೇಳ್ಬಾರದು ಅಂತ ಸುಮ್ನಿದ್ದೆ. ಮತ್ತೆ ಫ್ರೆಂಚ್ ಕಲಿಯೋದೇನು? ನಿಮಗೆ ಮದುವೆಗೆ ಮುಂಚೆನೇ ಫ್ರೆಂಚ್ ಬರ್ತಿತ್ತಲ್ಲ!"

ಇದಕ್ಕೆ ಉತ್ತರ ಕೊಟ್ಟರೆ ಮೂವತ್ತು ವರ್ಷದ ಸುಳ್ಳು ಹೊರಬೀಳುತ್ತದೆ. ಕೊಡದಿದ್ದರೆ ಮೂರು ತಿಂಗಳ ಸತ್ಯ ಸುಳ್ಳಾಗುತ್ತದೆ. ತೆಪ್ಪೆಯಿ ಮಿಚಿರು ಮೇಡಂಗೆ ಫೋನು ಮಾಡಿದ. ಅವರು ಸೋಮವಾರದವರೆಗೆ ಬಿಸಿನೀರ ಬುಗ್ಗೆಗೆ ಹೋಗಿರುವುದಾಗಿ ಫೋನಿನ ಮುದ್ರಿತ ದನಿ ಹೇಳಿತು. ಪ್ಯಾರಿಸ್ಸಿನಲ್ಲಿ ಯಾರೂ ರಜೆಯಲ್ಲಿ ಫೋನು ಎತ್ತುವುದಿಲ್ಲವಂತೆ. ಅತ್ತ ಫುಮಿನೊ ತನ್ನ ಅಕ್ಕನಿಗೆ ಫೋನು ಮಾಡಿದಳು. ಅಕ್ಕ ತಕ್ಷಣ ಎತ್ತಿದಳು.

ತೊಮೊಯೆ ಅಕ್ಕ ಭಾನುವಾರದ ಊಟಕ್ಕೆ ಬರಬೇಕಾದವಳು ಶನಿವಾರ ಬೆಳಗ್ಗೆಯೇ ಸಪ್ಪೊರೊದಿಂದ ಇಳಿದಳು. "ಫ್ರೆಂಚ್ ಬರುತ್ತೆ ಅಂದವನನ್ನ ನಾನು ಆವತ್ತೇ ನಂಬಲಿಲ್ಲ" ಎಂದಳು, ನಮಸ್ಕಾರದ ಬದಲಿಗೆ. ನಾಲ್ಕು ಗಂಟೆಯ ರೈಲಿಗೆ ಎರಡು ಟಿಕೆಟ್ ತೆಗೆಸಿದ್ದಳು. ಫುಮಿನೊಳ ಪೆಟ್ಟಿಗೆ ಸಿದ್ಧವಾಗಿತ್ತು. ಅದರೊಳಗಿನ ಬಟ್ಟೆಗಳನ್ನು ಅವಳು ಮಡಚದೆ, ಮುದ್ದೆ ಮಾಡಿ ತುಂಬಿದ್ದನ್ನು ನೋಡಿ ತೆಪ್ಪೆಯಿಗೆ ಅಳುವೇ ಬಂತು.

ಕೇರಿಯ ಸಭಾಭವನ ಅಂದು ತುಂಬಿತುಳುಕಿತು. ಹಿಮ ಎತ್ತಲು ಕರೆದರೆ ಸೊಂಟ ನೋವೆನ್ನುವವರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು. ಕುರೊಯಿವಾ ಮೇಷ್ಟ್ರು ಕೆಮ್ಮಿದರು.

"ವಿಷಯ ಒಂದು, ಗ್ಯಾಸ್ ತಪಾಸಣೆ. ಮುಂದಕ್ಕೆ ಹಾಕೋಣ. ವಿಷಯ ಎರಡು, ಕಸದ ಬಲೆ ರಿಪೇರಿ. ಮುಂದಕ್ಕೆ ಹಾಕೋಣ. ವಿಷಯ ಮೂರು, ಪ್ರೀತಿ. ಈ ಹಾಳೆಗೆ ಹದಿನಾರು ಮೊಹರು ಬಿದ್ದಿರೋದ್ರಿಂದ, ಮೊಗಾಮಿ ಅವರಿಗೆ ಪ್ರೀತಿ ಮತ್ತು ಅನುಮಾನ ಇರೋದನ್ನ ಸಂಘ ಸರ್ವಾನುಮತದಿಂದ ಗಮನಿಸಿದೆ ಅಂತಾಯ್ತು. ಈಗ ಪ್ರಶ್ನೆ, ಇದು ಯಾರಿಗೆ?"

"ನಂಗಲ್ಲ" ಎಂದು ನಿಶಿಗಾಕಿ ಅಜ್ಜಿ ಎದ್ದು ನಿಂತರು. "ನಂಗೇ ಅಂದ್ಕೊಂಡಿದ್ದೆ. ಎಲ್ಲರಿಗೂ ಬರೀತಾನಂತೆ. ಮೊಹರು ಒತ್ತಿದ್ದು ಓದಿದೀನಿ ಅನ್ನೋದಕ್ಕೆ, ಒಪ್ಪಿದೀನಿ ಅಂತಲ್ಲ. ಇದನ್ನ ಬರ್ಕೊಳ್ಳಿ."

"ನಿಮಗೆ ಅಂದ್ಕೊಂಡಿದ್ರೆ ಮುಂದಿನ ಮನೆಗೆ ಯಾಕೆ ಕಳಿಸಿದ್ರಿ ಅಜ್ಜಿ?"

"ಸುತ್ತೋಲೆ ತಡೆ ಹಿಡಿಯೋದು ತಪ್ಪಲ್ವಾ?" ಎಂದರು ಅಜ್ಜಿ. ಸಭೆ ತಲೆದೂಗಿತು.

"ಕೋಟು ಯಾರದು ಅಂತ ಮೊದ್ಲು ತೀರ್ಮಾನ ಆಗ್ಲಿ!" ಎಂದ ಉರಾಬೆ, ಪಕ್ಕದಲ್ಲಿ ಮುಖ ತಿರುಗಿಸಿ ಕೂತಿದ್ದ ಹೆಂಡತಿಯನ್ನು ನೋಡುತ್ತ.

ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು. ತೊಮೊಯೆ ಅಕ್ಕ ಪೆಟ್ಟಿಗೆಯ ಹಿಡಿಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು. ತೆಪ್ಪೆಯಿ ಎದ್ದ. ತರಗತಿ ಎಂದ, ಹಾಡು ಎಂದ, ಎಡಗಡೆಯ ಫ್ರೆಂಚ್ ಎಂದ. ಯಾರೂ ನಂಬಲಿಲ್ಲ.

"ಯಾವ ಪೆನ್ನಲ್ಲಿ ಬರೆದ್ರಿ?" ಎಂದರು ಮೇಷ್ಟ್ರು, ಪರೀಕ್ಷೆಯಲ್ಲಿ ನಕಲು ಹಿಡಿಯುವ ದನಿಯಲ್ಲಿ.

"ಉಜ್ಜಿದ್ರೆ ಹೋಗೋ ಕೆಂಪು ಪೆನ್ನು."

"ಉಜ್ಜಿದ್ರಾ?"

"ಇಲ್ಲ! ನಾನು ಬರೀ ಇಸ್ತ್ರಿ..." ತೆಪ್ಪೆಯಿ ಅಲ್ಲೇ ನಿಂತ. "ಇಸ್ತ್ರಿ ಮಾಡ್ದೆ."

"ಸುತ್ತೋಲೆಗಾ?" ಎಂದು ಮೇಷ್ಟ್ರು ಬೆರಗಾದರು. "ಇಷ್ಟು ವರ್ಷ ಅದು ಅಷ್ಟು ನೀಟಾಗಿ ಬರ್ತಿದ್ದಿದ್ದು ನೀವು ಇಸ್ತ್ರಿ ಮಾಡಿ? ನಾನು ಒಳ್ಳೇ ಕಾಗದ ಅಂದ್ಕೊಂಡಿದ್ದೆ!"

ಯಾರೂ ಗಮನಿಸಿಯೇ ಇರಲಿಲ್ಲ ಎಂಬ ನೋವು ಆ ಸಂಕಟದಲ್ಲೂ ತೆಪ್ಪೆಯಿಗೆ ಚುಚ್ಚಿತು. ಅಷ್ಟರಲ್ಲಿ ಉರಾಬೆ ಎರಡೂ ಕೈ ಎತ್ತಿ ಎದ್ದ.

"ತಡೀರಿ, ತಡೀರಿ! ಆ ಪೆನ್ನು ನಂಗೊತ್ತು. ಮೀನಿನ ಪೊಟ್ಟಣದ ಮೇಲೆ ರೇಟು ಬರೆದು, ಅಳಿಸಿ, ಹೊಸ ರೇಟು ಹಾಕಿ ಫ್ರೀಜರಲ್ಲಿ ಇಟ್ಟಿದ್ದೆ. ಬೆಳಗ್ಗೆ ತೆಗೆದ್ರೆ ಹಳೇ ರೇಟು ಎದ್ದು ಕೂತಿತ್ತು! ಗಿರಾಕಿ ಕೈಲಿ ಉಗಿಸಿಕೊಂಡೆ. ಬಿಸಿಗೆ ಹೋಗಿದ್ದು ಚಳಿಗೆ ವಾಪಸ್ ಬರುತ್ತೆ ಕಣ್ರೀ. ನನ್ನ ಫ್ರೀಜರು ಮೈನಸ್ ಮೂವತ್ತು!"

ಸಭೆಯನ್ನು ಮುಂದೂಡಬೇಕೋ ಸ್ಥಳಾಂತರಿಸಬೇಕೋ ಎಂದು ಮೇಷ್ಟ್ರು ನಿಯಮ ನೆನಪಿಸಿಕೊಳ್ಳುತ್ತಿರುವಾಗಲೇ ಸಭೆ ಎದ್ದು ಬೂಟು ಹಾಕಿಕೊಂಡು ಓಡುತ್ತಿತ್ತು. ಎಲ್ಲರಿಗಿಂತ ಮುಂದೆ ನೇರಳೆ ಕಿಮೊನೊ ಇತ್ತು.

ಮೀನಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಉರಾಬೆ ಹಾಳೆಯನ್ನು ಒಂದು ತಟ್ಟೆಯ ಮೇಲಿಟ್ಟು, ಕಣವಾಯಿ ಮೀನಿಗೂ ಸಾಲ್ಮನ್ನಿಗೂ ನಡುವೆ ಜಾಗ ಮಾಡಿ, ಮುಚ್ಚಳ ಹಾಕಿದ. "ಹತ್ತು ನಿಮಿಷ. ಯಾರೂ ತೆಗೀಬಾರದು." ಮೇಷ್ಟ್ರು ಸಮಯ ಬರೆದುಕೊಂಡರು. ಅಜ್ಜಿ ನಡುನಡುವೆ "ಬೆಂದಿದೆಯಾ ನೋಡು" ಎನ್ನುತ್ತಿದ್ದರು. ಫುಮಿನೊ ಏಡಿಗಳ ತೊಟ್ಟಿಯ ಪಕ್ಕ ಕೋಟಿನ ಗುಂಡಿ ಹಾಕಿಕೊಂಡು ನಿಂತಿದ್ದಳು. ತೆಪ್ಪೆಯಿಯ ಕಡೆ ನೋಡಲಿಲ್ಲ. ಅವನು ಅವಳನ್ನು ಬಿಟ್ಟು ಬೇರೇನೂ ನೋಡಲಿಲ್ಲ.

ಮುಚ್ಚಳ ತೆರೆಯಿತು. ಬಿಳಿಯ ಹಬೆ ಎದ್ದಿತು. ಉರಾಬೆ ತಟ್ಟೆಯನ್ನು ಎತ್ತಿ ಹಿಡಿದ. ಹದಿನಾರು ಮೊಹರುಗಳ ಸಂದಿಯಿಂದ, ಅಡಿಯಿಂದ, ಸೊಟ್ಟಸೊಟ್ಟ ಕೆಂಪು ಅಕ್ಷರಗಳು ಇಣುಕುತ್ತಿದ್ದವು. ಎಂಟೂ ಸಾಲು! ಕೇರಿ ಹೋ ಎಂದು ಕೂಗಿತು. ಉರಾಬೆಯ ಹೆಂಡತಿ ಮೂರು ದಿನದ ಮೌನ ಮುರಿದು ಗಂಡನ ಬೆನ್ನಿಗೆ ಗುದ್ದಿದಳು. ಅಜ್ಜಿ ಕೈಮುಗಿದರು.

"ಇದು ಫ್ರೆಂಚೇ ಅನ್ನೋದಕ್ಕೆ ಏನು ಆಧಾರ?" ಎಂದಳು ತೊಮೊಯೆ ಅಕ್ಕ.

ಕೂಗು ನಿಂತಿತು. ಕೇರಿಯಲ್ಲಿ ಫ್ರೆಂಚ್ ಬಲ್ಲವರು ಯಾರೂ ಇರಲಿಲ್ಲ. ಮೇಷ್ಟ್ರು ಕನ್ನಡಕ ಹಾಕಿ ನೋಡಿ, "ಇಂಗ್ಲಿಷ್ ಅಂತೂ ಅಲ್ಲ" ಎಂದರು.

"ಹಾಡ್ಲಿ" ಎಂದಳು ಅಕ್ಕ. "ನಾಳೆ ಹಾಡೋದನ್ನ ಇವತ್ತೇ ಹಾಡ್ಲಿ. ಮೂರು ಇಪ್ಪತ್ತಾಯ್ತು."

ತೆಪ್ಪೆಯಿ ಗಂಟಲು ಸರಿಮಾಡಿಕೊಂಡ. ಒಂದು ಕಡೆ ಏಡಿ, ಇನ್ನೊಂದು ಕಡೆ ಅಧ್ಯಕ್ಷರು, ಎದುರಿಗೆ ಹೆಂಡತಿ. "ಜ್ ತೆಮ್" ಎಂದು ಎತ್ತಿಕೊಂಡ. ಮೊದಲ ಸಾಲು ಮುಗಿಯುತ್ತಲೇ ಅವನ ಬಲಗಾಲು ತಾನಾಗಿ ನೆಲ ತುಳಿಯಿತು, ಬಾಯಿಂದ "ಉಸ್" ಎಂದು ಹೊ‌ರಟಿತು. ಕಲಿತದ್ದೇ ಹಾಗೆ, ಅದಿಲ್ಲದೆ ಎರಡನೇ ಸಾಲು ಬರುತ್ತಿರಲಿಲ್ಲ. ಒಂದು ಸಾಲು ಪ್ರೀತಿ, 'ಉಸ್', ಒಂದು ಸಾಲು ಅನುಮಾನ, 'ಉಸ್'. ಮೂರನೇ 'ಉಸ್' ಹೊತ್ತಿಗೆ ಅಜ್ಜಿ ತಾಳ ಹಿಡಿದರು, ಐದನೆಯದಕ್ಕೆ ಇಡೀ ಕೇರಿ ಕಾಲು ತುಳಿದು 'ಉಸ್' ಎಂದಿತು. 'ಬಾ' ಎಂಬ ಕೊನೆಯ ಪದಕ್ಕೆ ಅವನ ದನಿ ಒಡೆಯಿತು. ಹಾಡಿನಲ್ಲಿ ಅಲ್ಲಿ ದನಿ ಒಡೆಯಬೇಕೆಂದೇನೂ ಇರಲಿಲ್ಲ.

ಚಪ್ಪಾಳೆ ಬಿತ್ತು. "ಪ್ಯಾರಿಸ್ಸಲ್ಲಿ ಕೇಳಿದ ಹಾಗೇ ಆಯ್ತು" ಎಂದ ಉರಾಬೆ. ಅವನು ಸಪ್ಪೊರೊ ದಾಟಿದವನಲ್ಲ.

ಫುಮಿನೊ ಚಪ್ಪಾಳೆ ತಟ್ಟಲಿಲ್ಲ. ತಟ್ಟೆಯ ಹತ್ತಿರ ಬಂದು ಎಂಟೂ ಸಾಲಿನ ಮೇಲೆ ಬೆರಳಾಡಿಸಿದಳು. "ನಮ್ಮ ಹಾಡು ಇದೇ, ಗೊತ್ತಾಯ್ತು. ಆದ್ರೆ ಆ ಸಾಲು ಎಲ್ಲಿ?"

"ಯಾವ ಸಾಲು?"

"ಸುಕ್ಕಿಂದು. ಜೀವ ಇರೋವರೆಗೂ ಸುಕ್ಕು ಬೀಳಕ್ಕೆ ಬಿಡಲ್ಲ ಅನ್ನೋದು."

ತೊಟ್ಟಿಯ ಏಡಿಗಳೂ ಕಾಲಾಡಿಸುವುದನ್ನು ನಿಲ್ಲಿಸಿದವೆಂದು ಅಜ್ಜಿ ಈಗಲೂ ಆಣೆ ಮಾಡಿ ಹೇಳುತ್ತಾರೆ.

"ಅದು ಇಲ್ಲ" ಎಂದ ತೆಪ್ಪೆಯಿ. "ಹಾಡಲ್ಲಿ ಅದು ಇಲ್ಲವೇ ಇಲ್ಲ. ಆವತ್ತು ನಂಗೆ ಫ್ರೆಂಚ್ ಒಂದಕ್ಷರ ಬರ್ತಿರಲಿಲ್ಲ. ಸುಮ್ನೆ ಹೇಳ್ಬಿಟ್ಟೆ. ನೀನು ಕೇಳಿದೆ, ಬಾಯಿಗೆ ಬಂದಿದ್ದು ಹೇಳ್ದೆ. ಅದಕ್ಕೇ ಕದ್ದು ಕಲಿಯಕ್ಕೆ ಹೋಗಿದ್ದು."

"ಹೇಳಲಿಲ್ವಾ ನಾನು!" ಎಂದಳು ಅಕ್ಕ, ಮೂವತ್ತು ವರ್ಷದ ಗೆಲುವಿನಿಂದ. "ನಡಿ ಫುಮಿನೊ."

ಫುಮಿನೊ ನಡೆಯಲಿಲ್ಲ. "ಅಂದ್ರೆ ಆ ಮಾತು ಹಾಡಿಂದಲ್ಲ" ಎಂದಳು ನಿಧಾನವಾಗಿ. "ನಿಮ್ಮದೇ?"

"ನಂದೇ. ತಪ್ಪಾಯ್ತು."

"ಮೂವತ್ತು ವರ್ಷ ನಾನು ಅದನ್ನ ಯಾರೋ ಫ್ರೆಂಚಿನವರು ಹೇಳಿದ್ದು ಅಂದ್ಕೊಂಡಿದ್ದೆ ಕಣ್ರೀ." ಅವಳ ಕಣ್ಣು ತುಂಬಿತು, ಬಾಯಿ ನಗುತ್ತಿತ್ತು. "ಈ ಹಾಳೇಲಿರೋದಕ್ಕಿಂತ ಅದೇ ಚೆನ್ನಾಗಿದೆ." ಕೈಚೀಲ ತೆರೆದು ಮೊಗಾಮಿ ಮನೆತನದ ಮೊಹರು ತೆಗೆದಳು. ಅಕ್ಕನ ಮನೆಗೆ ಹೊರಟವಳು ಅದನ್ನು ಯಾಕೆ ಚೀಲದಲ್ಲಿಟ್ಟುಕೊಂಡಿದ್ದಳೆಂದು ಯಾರೂ ಕೇಳಲಿಲ್ಲ. "ಎಲ್ಲರೂ ಒತ್ತಿದಾರೆ. ನಂದೊಂದೇ ಬಾಕಿ. ಎಲ್ಲಿ ಒತ್ಲಿ?"

ಕೇರಿ ಬಗ್ಗಿ ನೋಡಿತು. 'ಪ್ರೀತಿಸುತ್ತೀಯಾ?' ಎಂಬುದರ ಪಕ್ಕ ಅಜ್ಜಿ ಭದ್ರವಾಗಿ ಕೂತಿದ್ದರು. "ನನ್ನ ಮೊಹರು ಬೇಕಾದ್ರೆ ವಾಪಸ್ ತಗೋತೀನಿ" ಎಂದು ಅಜ್ಜಿ ಸಂಕೋಚಪಟ್ಟರು. ಒತ್ತಿದ ಮೊಹರನ್ನು ಹಿಂಪಡೆಯಲು ನಿಯಮದಲ್ಲಿ ಅವಕಾಶವಿಲ್ಲ ಎಂದರು ಮೇಷ್ಟ್ರು. ಇಡೀ ಹಾಳೆಯಲ್ಲಿ ಖಾಲಿ ಜಾಗ ಉಳಿದಿದ್ದು ಒಂದೇ ಕಡೆ, 'ಬಹುಶಃ' ಎಂಬ ಪದದ ಮುಂದೆ.

"ಇದೇ ಸರಿಯಾಗಿದೆ" ಎಂದಳು ಫುಮಿನೊ. ಉಸಿರು ಬಿಟ್ಟು ಮೊಹರನ್ನು ಬೆಚ್ಚಗೆ ಮಾಡಿ, ಗಟ್ಟಿಯಾಗಿ ಒತ್ತಿದಳು.

ತೊಮೊಯೆ ಅಕ್ಕ ಟಿಕೆಟ್ಟುಗಳನ್ನು ನೋಡಿದಳು, ಗಡಿಯಾರ ನೋಡಿದಳು. "ನಾಳೆ ಊಟಕ್ಕೆ ಏನು ಮಾಡ್ತೀಯೇ?" ಎಂದಳು.

ತೆಪ್ಪೆಯಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಅಜ್ಜಿಗೆ ತಲೆಬಾಗಿದ, ಮೇಷ್ಟ್ರಿಗೆ ತಲೆಬಾಗಿದ, ಏಡಿಗಳಿಗೂ ಬಾಗಿದ. ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಫ್ರೀಜರಿನ ಹಿಮ ಕರಗಿ ಅದು ಒದ್ದೆಯಾಗಿತ್ತು; ಅಂಚಿನಲ್ಲಿ ಸಣ್ಣದೊಂದು ಸುಕ್ಕು ಎದ್ದಿತ್ತು. ಸುಕ್ಕು ಕಂಡರೆ ಅವನಿಗೆ ಆಗುವುದಿಲ್ಲ.

"ಒಂದು ನಿಮಿಷ" ಎಂದ, ಅಂಗಡಿಯ ಕಡೆ ಹೆಜ್ಜೆ ಹಾಕುತ್ತ. "ಇದಕ್ಕೆ ಒಂದ್ಸಲ ಇಸ್ತ್ರಿ..."

"ಬೇಡಾ!" ಎಂದು ಹದಿನಾರು ಮನೆಯವರೂ ಒಟ್ಟಿಗೆ ಕಿರುಚಿದರು. ಮೇಷ್ಟ್ರು ಅವನ ಕಾಲರು ಹಿಡಿದರು, ಉರಾಬೆ ಸೊಂಟ ಹಿಡಿದ, ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. ಫುಮಿನೊ ಹಾಳೆಯನ್ನು ಅವನ ಕೈಯಿಂದ ಕಸಿದುಕೊಂಡು, ಮೀನು ಸುತ್ತುವ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದಳು.

ಈಗ ಅದು ಮೊಗಾಮಿ ಮನೆಯ ಫ್ರೀಜರಿನಲ್ಲಿದೆ, ಸಾಲ್ಮನ್ ತುಂಡುಗಳ ಪಕ್ಕ. ಮಂಗಳವಾರ ಸಂಜೆ ಇಬ್ಬರೂ ಒಟ್ಟಿಗೇ ಕಲಾಕೇಂದ್ರಕ್ಕೆ ಹೋಗುತ್ತಾರೆ, ಬರುವಾಗ ಒಟ್ಟಿಗೇ ಸ್ನಾನಗೃಹಕ್ಕೂ ಹೋಗಿ ಒದ್ದೆ ಟವೆಲ್ಲು ತರುತ್ತಾರೆ. ಆದರೂ ಯಾವಾಗಲಾದರೂ ಒಮ್ಮೆ ಫುಮಿನೊಗೆ ಅನುಮಾನ ಬರುವುದುಂಟು. ಆಗ ಅವಳು ಫ್ರೀಜರು ತೆರೆದು ಒಂದು ಸಲ ನೋಡಿ, ಸಾಲ್ಮನ್ ತೆಗೆದುಕೊಂಡು ಮುಚ್ಚಳ ಹಾಕುತ್ತಾಳೆ.